ಬುಧವಾರದ ತಿಥಿ ಕಾಗದ

ಅಕ್ಕ ಧನಲಕ್ಷ್ಮಿ ತೀರಿಕೊಂಡದ್ದು ಆಷಾಢದಲ್ಲಿ. ಆಗ ಯಲಹಂಕದ ಮೇಲೆ ದಿನವಿಡೀ ತೆಳುವಾದ ಮೋಡ ಹಾಸಿಕೊಂಡಿರುತ್ತಿತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಶ್ರಾವಣ ಕಳೆದು ಎಲ್ಲರ ಮನೆಯ ಮೇಲೂ ಬಿಸಿಲು ಬಿದ್ದ ಮೇಲೂ ನನ್ನ ಕಣ್ಣ ಮುಂದಿನ ಮೋಡ ಸರಿಯಲಿಲ್ಲ. ಮಧ್ಯಾಹ್ನ ಉಂಡು ಚಾಪೆಯ ಮೇಲೆ ಒರಗಿದರೆ, ಅದು ನಿದ್ದೆಯೋ ಎಚ್ಚರವೋ ನನಗೇ ತಿಳಿಯದು. ಪಕ್ಕದ ಕೋಣೆಯಲ್ಲಿ ಅಕ್ಕ ಕಂಪ್ಯೂಟರಿನ ಮುಂದೆ ಕುಳಿತು ಟೈಪು ಮಾಡುವ ಸದ್ದು ಕೇಳಿಸುತ್ತಿತ್ತು. ಎದ್ದು ಹೋಗಿ ನೋಡಿದರೆ, ಕಿಟಕಿಯ ಪರದೆಯ ದಾರ ಗಾಳಿಗೆ ಗೋಡೆಯನ್ನು ಬಡಿಯುತ್ತಿತ್ತು. ನಾನು ಆ ದಾರವನ್ನು ಕಟ್ಟಿಹಾಕಲಿಲ್ಲ.

ನಾವಿಬ್ಬರೂ ಮದುವೆಯಾದವರಲ್ಲ. ನಾನು ಯಲಹಂಕದ ಹೈಸ್ಕೂಲಿನಲ್ಲಿ ಕನ್ನಡದ ಮೇಷ್ಟ್ರಾಗಿದ್ದೆ. ಅಕ್ಕ ಜಾಲಹಳ್ಳಿಯ ಕಾರ್ಖಾನೆಯೊಂದರ ಆಫೀಸಿಗೆ ಟೈಪಿಸ್ಟಾಗಿ ಸೇರಿದವಳು. ಮುಂದೆ ಅಲ್ಲಿಗೆ ಕಂಪ್ಯೂಟರ್ ಬಂದಾಗ ಗಂಡಸರೆಲ್ಲ ಅದರ ಹತ್ತಿರ ಹೋಗಲು ಹೆದರುತ್ತಿದ್ದರೆ, ಅವಳು ಊದುಬತ್ತಿ ಹಚ್ಚಿ, ಕೈ ಮುಗಿದು ಕುಳಿತು ಕಲಿತಳಂತೆ. ನಿವೃತ್ತಿಯಾದ ಮೇಲೆ ನಮ್ಮ ಹುಟ್ಟೂರಾದ ಕೋಗಿಲಿನ ಆಂಜನೇಯನ ಗುಡಿಯ ಪಡಸಾಲೆಯಲ್ಲಿ ಶನಿವಾರ ಸಂಜೆಯ ಭಜನೆ ಆರಂಭಿಸಿದಳು.

ಅದಕ್ಕೆ ಅವಳದೇ ಒಂದು ಕ್ರಮವಿತ್ತು. ಪ್ರತಿ ಬುಧವಾರ, ಆ ವಾರ ಹಾಡಬೇಕಾದ ಪದವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಎಲ್ಲರಿಗೂ ಇ-ಮೇಲ್ ಮಾಡುವಳು. ಮೇಲ್ ವಿಳಾಸ ಇಲ್ಲದವರಿಗೆ ತಾನೇ ಮನೆಗೆ ಹೋಗಿ ಮಾಡಿಕೊಟ್ಟು ಬಂದಿದ್ದಳು. ವಾಟ್ಸಾಪಿನಲ್ಲಿ ಹಾಕಬಹುದಲ್ಲ ಎಂದು ಯಾರಾದರೂ ಕೇಳಿದರೆ, ಅಲ್ಲಿ ಗುಲಾಬಿ ಹೂವಿನ ಗುಡ್ ಮಾರ್ನಿಂಗ್‌ಗಳ ಅಡಿಯಲ್ಲಿ ದೇವರ ಹೆಸರು ಹೂತುಹೋಗುತ್ತದೆ ಎನ್ನುವಳು. ಫೋನು ಮಾಡಿ ಯಾರನ್ನೂ ಕರೆಯುತ್ತಿರಲಿಲ್ಲ. ಕರೆದರೆ ನನ್ನ ಮುಖ ನೋಡಿ ಬರುತ್ತಾರೆ, ಪದ ಓದಿಕೊಂಡು ಬರುವವರು ಆಂಜನೇಯನಿಗಾಗಿ ಬರುತ್ತಾರೆ ಎಂಬುದು ಅವಳ ನಂಬಿಕೆ. ಬರುತ್ತಲೂ ಇದ್ದರು. ಕೋಗಿಲಿನವರೇ ಹೆಚ್ಚು. ಕಾರ್ಖಾನೆಯಲ್ಲಿ ಅವಳ ಜೊತೆಗಿದ್ದ ವಹಾಬ್ ಸಾಹೇಬರು ಮಾತ್ರ ಜಾಲಹಳ್ಳಿಯಿಂದ ಸ್ಕೂಟರಿನಲ್ಲಿ ಬಂದು ಹಾರ್ಮೋನಿಯಂ ನುಡಿಸುವರು.

ಅಕ್ಕ ಹೋದ ಮೇಲೆ ವೈಕುಂಠ ಸಮಾರಾಧನೆಗೆ ಎಲ್ಲರನ್ನೂ ಕರೆಯಬೇಕಾಗಿತ್ತು. ಎಲ್ಲರ ವಿಳಾಸಗಳೂ ಇದ್ದದ್ದು ಅಕ್ಕನ ಮೇಲ್‌ನಲ್ಲಿ. ಅಚ್ಚು ಹಾಕಿಸಿದ ಕಾರ್ಡಿನ ಚಿತ್ರವನ್ನು ಅದರಿಂದಲೇ ಕಳಿಸಿದೆ. ಎಲ್ಲರೂ ಬಂದರು, ಉಂಡರು, ಕಣ್ಣೊರೆಸಿಕೊಂಡು ಹೋದರು. ಅದಾದ ಮೊದಲ ಬುಧವಾರ ಸಂಜೆ ದೀಪ ಹಚ್ಚಿ ಕುಳಿತಾಗ ನನಗೆ ಅನ್ನಿಸಿತು: ಶನಿವಾರ ಬಂದೇ ಬರುತ್ತದೆ, ಪದ ಕಳಿಸುವವರು ಯಾರು? ಅವಳು ಟೈಪು ಮಾಡಿಟ್ಟ ಪದಗಳು ಕಂಪ್ಯೂಟರಿನಲ್ಲಿ ಬೇಕಾದಷ್ಟಿದ್ದವು. ಒಂದನ್ನು ಆರಿಸಿದೆ. ಹೊಸ ಮೇಲ್ ಬರೆಯಲು ಹೋದರೆ ವಿಳಾಸಗಳನ್ನು ಒಂದೊಂದಾಗಿ ಹುಡುಕಬೇಕು. ಆಮಂತ್ರಣದ ಮೇಲ್ ತೆರೆದು ಎಲ್ಲರಿಗೂ ಉತ್ತರಿಸು ಎಂಬಲ್ಲಿ ಒತ್ತಿದರೆ, ಅಷ್ಟೂ ಜನ ತಾವಾಗಿಯೇ ಬಂದು ಸಾಲಾಗಿ ನಿಲ್ಲುತ್ತಿದ್ದರು. ಹಾಗೆಯೇ ಮಾಡಿದೆ. ಮುಂದಿನ ಬುಧವಾರವೂ ಹಾಗೆಯೇ. ಅದರ ನೆತ್ತಿಯ ಮೇಲೆ ಅಕ್ಕನ ಹೆಸರು ಇರುತ್ತಿದ್ದುದು ನನಗೆ ಒಂದು ಸಮಾಧಾನವೂ ಆಗಿತ್ತು.

ಮೊದಲ ಶನಿವಾರ ವಹಾಬ್ ಸಾಹೇಬರೊಬ್ಬರೇ ಬಂದರು.

ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತೆವು. ಅವರು ಹಾರ್ಮೋನಿಯಂ ತೆರೆದು ಶ್ರುತಿ ಹಿಡಿದರು. ಆ ಒಂದೇ ಸ್ವರ ಗೋಡೆಯಿಂದ ಗೋಡೆಗೆ ಓಡಾಡಿ, ಕೂರಲು ಜಾಗ ಸಿಗದವರಂತೆ ಮತ್ತೆ ನಮ್ಮ ಬಳಿಗೇ ಬರುತ್ತಿತ್ತು.

"ಬರ್ತಾರೆ ಮೇಷ್ಟ್ರೇ," ಎಂದರು ವಹಾಬ್. "ಹೆಬ್ಬಾಳದ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿರ್ಬೇಕು."

ಹೆಬ್ಬಾಳ ದಾಟಿ ಬರಬೇಕಾದವರು ಯಾರೂ ಇರಲಿಲ್ಲ. ಎಲ್ಲರಿಗಿಂತ ಹಿರಿಯರಾದ ಮುನಿಕೃಷ್ಣಮ್ಮನವರ ಮನೆ ಗುಡಿಯ ಹಿಂದಿನ ಬೀದಿಯಲ್ಲೇ ಇತ್ತು. ಅದು ವಹಾಬರಿಗೂ ಗೊತ್ತು. ಇಬ್ಬರೂ ನಕ್ಕೆವು. ಆಮೇಲೆ ನಾನು ಮೆಲ್ಲನೆ ಹಾಡಿದೆ. ನನ್ನ ಧ್ವನಿ ಪಾಠ ಹೇಳುವ ಧ್ವನಿ, ಹಾಡುವ ಧ್ವನಿಯಲ್ಲ.

ಹೀಗೆ ಶನಿವಾರಗಳು ಹೋದವು. ಒಂದು ಸಂಜೆ ಗುಡಿಯ ಸಮಿತಿಯ ಮುನಿಶಾಮಪ್ಪನವರು ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂಬಂತೆ ಕೆಮ್ಮಿದರು. ಹೊಸ ಅಪಾರ್ಟ್‌ಮೆಂಟಿನವರು ಶನಿವಾರ ಸಂಜೆ ಯೋಗ ಕಲಿಸಲು ಪಡಸಾಲೆ ಕೇಳುತ್ತಿದ್ದಾರೆ ಎಂದರು. ಅಕ್ಕೋರು ಇದ್ದಾಗ ಆ ಮಾತೇ ಇರಲಿಲ್ಲ, ಈಗ ಇಬ್ಬರಿಗಾಗಿ ಎಷ್ಟು ದಿನ ಹಿಡಿದಿಡಲಿ, ನವರಾತ್ರಿಯವರೆಗೆ ನೋಡುತ್ತೇನೆ ಎಂದರು. ಅವರ ಮಾತಿನಲ್ಲಿ ಒರಟುತನವೇನೂ ಇರಲಿಲ್ಲ. ಅಕ್ಕನಿಗೆ ಮಕ್ಕಳಿರಲಿಲ್ಲ, ಮನೆ ಬಾಡಿಗೆಯದು. ಅವಳು ಈ ಭೂಮಿಯ ಮೇಲೆ ಬಿಟ್ಟುಹೋದದ್ದು ಆ ಶನಿವಾರದ ಸಂಜೆ ಒಂದೇ. ಅದೂ ಅವಳ ಹಿಂದೆಯೇ ಹೊರಟು ನಿಂತಿತ್ತು.

ಫೋನು ಮಾಡಿ ಕೇಳಬಹುದಿತ್ತು. ಎಷ್ಟೋ ಸಲ ಕೈಗೆತ್ತಿಕೊಂಡೆ. ಅಕ್ಕನ ಮಾತು ನೆನಪಾಗಿ ಕೆಳಗಿಡುತ್ತಿದ್ದೆ. ಅದೂ ಅಲ್ಲದೆ, ವಾರ ವಾರ ಪದ ಕಳಿಸುತ್ತಿದ್ದೇನೆ, ಓದಿಯೂ ಬಾರದವರನ್ನು ಏನೆಂದು ಕೇಳುವುದು ಎಂಬ ನೋವೂ ಇತ್ತು. ಯಲಹಂಕದ ಸಂತೆ ಬೀದಿಯಲ್ಲಿ ಒಮ್ಮೆ ಬೈರಣ್ಣ ಸಿಕ್ಕರು. ಕೋಗಿಲಿನಲ್ಲಿ ದ್ರಾಕ್ಷಿ ತೋಟ ಇದ್ದ ಜಾಗದಲ್ಲಿ ಈಗ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿರುವವರು. ಭಜನೆಯಲ್ಲಿ ಅವರು ತಾಳ ಹಾಕಿದರೆ ಗುಡಿಯ ಪಾರಿವಾಳಗಳೆಲ್ಲ ಹಾರಿಹೋಗುತ್ತಿದ್ದವು. ಅವರು ನನ್ನ ಎರಡೂ ಕೈ ಹಿಡಿದುಕೊಂಡು, ನಾನು ಊಟ ಸರಿಯಾಗಿ ಮಾಡುತ್ತಿದ್ದೇನೆಯೇ, ನಿದ್ದೆ ಬರುತ್ತದೆಯೇ ಎಂದೆಲ್ಲ ವಿಚಾರಿಸಿದರು. ಭಜನೆಯ ಮಾತನ್ನೇ ಎತ್ತಲಿಲ್ಲ. ಹೊರಡುವಾಗ ದನಿ ತಗ್ಗಿಸಿ, "ಆ ಕಂಪ್ಯೂಟರ್ ಮುಂದೆ ಜಾಸ್ತಿ ಕೂರ್ಬೇಡಿ ಮೇಷ್ಟ್ರೇ," ಎಂದರು.

ಅದನ್ನು ನಾನು, ಇನ್ನು ಕಳಿಸಬೇಡಿ ಎಂಬ ಸಭ್ಯ ಮಾತೆಂದು ತಿಳಿದುಕೊಂಡೆ.

ಆ ಮಧ್ಯಾಹ್ನ ಚಾಪೆಯ ಮೇಲೆ ಒಂದು ಕನಸು ಬಿತ್ತು. ಜಾಲಹಳ್ಳಿಯ ಕಾರ್ಖಾನೆಯ ಬಸ್ಸು ನಿಧಾನವಾಗಿ ಬರುತ್ತಿದೆ. ಕಿಟಕಿಗಳಲ್ಲಿ ಭಜನೆಯವರೆಲ್ಲ ಕುಳಿತಿದ್ದಾರೆ. ಎಲ್ಲರ ಬಾಯಿಯೂ ತೆರೆದು ಮುಚ್ಚುತ್ತಿದೆ, ಹಾಡುತ್ತಿದ್ದಾರೆ. ಗಾಜು ಮುಚ್ಚಿರುವುದರಿಂದ ಸದ್ದೇ ಇಲ್ಲ. ಬಸ್ಸು ಕೆರೆಯ ಮೇಲೆ ಹೋಗುತ್ತಿರುವಂತೆ ತೇಲುತ್ತಾ ನನ್ನನ್ನು ದಾಟಿತು. ನೀರು ಮಾತ್ರ ಅವರ ಪದದ ಲಯಕ್ಕೆ ತಕ್ಕಂತೆ ಅಲುಗುತ್ತಿತ್ತು. ಎಚ್ಚರವಾದಾಗ ಕೆನ್ನೆ ಒದ್ದೆಯಾಗಿತ್ತು. ರಾಮ ರಾಮ ಎಂದು ಎದ್ದು ಮುಖ ತೊಳೆದು, ಅಂದು ಬುಧವಾರವಾದ್ದರಿಂದ, ಪದ ಕಳಿಸಿದೆ.

ಮರುದಿನ ಬೆಳಗ್ಗೆ ವಹಾಬ್ ಸಾಹೇಬರು ಯಲಹಂಕದ ಬ್ಯಾಂಕಿಗೆ ಬಂದವರು ಚಹಾ ಕುಡಿಯಲು ನಮ್ಮಲ್ಲಿಗೂ ಬಂದಿದ್ದರು. ಆಗ ಬಾಗಿಲಲ್ಲಿ ಮುನಿಕೃಷ್ಣಮ್ಮನವರು ಕಾಣಿಸಿಕೊಂಡರು. ಜೊತೆಗೆ ಅವರ ಸೊಸೆ ಇಂದು. ಮುದುಕಿಯ ಕೈಯಲ್ಲಿ ಒಂದು ನಿಂಬೆಹಣ್ಣು, ಎಲೆಯಲ್ಲಿ ಕಟ್ಟಿದ ಬಂಡಾರ. ಕುಳಿತುಕೊಳ್ಳದೆ ನೇರವಾಗಿ ಬಂದು ನನ್ನ ಹಣೆಗೆ ಬಂಡಾರ ಒತ್ತಿದರು. ನಿಂಬೆಹಣ್ಣನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳಲು ಹೇಳಿದರು.

"ಮೇಷ್ಟ್ರೇ, ಯೋಳ್ತೀನಿ ಅಂತ ಬೇಜಾರ್ ಮಾಡ್ಕೋಬ್ಯಾಡಿ," ಎಂದರು. "ಅಕ್ಕೋರು ದೇವ್ರ ಪಾದ ಸೇರ್ಕಂಡ್ರು. ನೀವು ಇಂಗೆ ವಾರ ವಾರ ತಿಥಿ ಕಾಗ್ದ ಕಳಿಸ್ತಿದ್ರೆ ಆ ಜೀವ ಎಂಗಪ್ಪಾ ಮುಂದುಕ್ಕೋಯ್ತದೆ?"

"ತಿಥಿ ಕಾಗದವೇ?"

"ಅದೂ ಅಕ್ಕೋರೇ ಕರ್ದಂಗೆ ಬರ್ತದೆ. ತನ್ ತಿಥೀಗೆ ತಾನೇ ಕರೆಯೋರ್ನ ನಾನೆಲ್ಲೂ ಕಂಡಿಲ್ಲ."

ಇಂದು ಅತ್ತೆಯ ಸೆರಗು ಜಗ್ಗಿ ಸುಮ್ಮನಿರಿಸಿ, ಸಂಕೋಚದಿಂದ ವಿಷಯ ಬಿಡಿಸಿ ಹೇಳಿದಳು. ಬರುವ ಮೇಲ್‌ನ ಮೇಲೆ ಕಳಿಸಿದವರ ಹೆಸರು ಧನಲಕ್ಷ್ಮಿ ಎಂದು ಇರುತ್ತದೆ. ತಲೆಬರಹ ವೈಕುಂಠ ಸಮಾರಾಧನೆ ಆಮಂತ್ರಣ ಎಂದು ಇರುತ್ತದೆ. ಮೊದಲ ಸಲ ಬಂದಾಗ ಅತ್ತೆ ಓದಿ ಸ್ಪ್ಯಾಮಿಗೆ ಹಾಕಿದರು. ಮತ್ತೆ ಬಂತು, ತೆರೆಯದೆಯೇ ಹಾಕಿದರು. ಆಮೇಲಾಮೇಲೆ ಅದು ತಾನಾಗಿಯೇ ಸ್ಪ್ಯಾಮಿಗೆ ಹೋಗತೊಡಗಿತು. ಬೇರೇನಾದರೂ ಹುಡುಕಲು ಅಲ್ಲಿಗೆ ಹೋದಾಗ, ಅದೇ ಹೆಸರು, ಅದೇ ತಲೆಬರಹ, ಒಳಗೆ ಒಂದೊಂದು ವಾರ ಒಂದೊಂದು ಹೆಚ್ಚಾಗುತ್ತಿರುವುದು ಕಾಣುತ್ತದೆ. ಬೈರಣ್ಣನವರ ಮನೆಯಲ್ಲೂ ಹೀಗೆಯೇ, ಉಳಿದವರಲ್ಲೂ ಹೀಗೆಯೇ. ಮೇಷ್ಟ್ರಿಗೆ ದುಃಖದಿಂದ ಮನಸ್ಸು ಸರಿಯಿಲ್ಲ, ವರ್ಷ ತುಂಬುವವರೆಗೆ ಭಜನೆಯ ಮಾತು ಎತ್ತಿ ಅವರನ್ನು ನೋಯಿಸಬಾರದು ಎಂದು ಎಲ್ಲರೂ ಮಾತಾಡಿಕೊಂಡಿದ್ದಾರೆ.

ನಾನು ಕುರ್ಚಿಯ ಮೇಲೆ ಕುಳಿತುಕೊಂಡೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ತಿಥಿಯ ಕಾಗದವನ್ನು ಮನೆಯೊಳಗೆ ಇಡುವುದಿಲ್ಲ. ಹೊಸ್ತಿಲಾಚೆ ನಿಂತು ಓದಿ, ಹರಿದು, ಬೀದಿಗೆ ಎಸೆದು, ಕೈ ತೊಳೆದುಕೊಂಡು ಒಳಗೆ ಬರುತ್ತಾರೆ. ಮೇಲ್‌ನಲ್ಲಿ ಬಂದದ್ದನ್ನು ಏನು ಮಾಡುವುದು ಎಂಬ ಪ್ರಶ್ನೆ ಕೆಲವು ವರ್ಷಗಳ ಕೆಳಗೆ ಭಜನೆಯಲ್ಲೇ ಎದ್ದಿತ್ತು. ಬೈರಣ್ಣನವರ ನೆಂಟರ ಕಡೆಯ ಒಂದು ಕಾಗದ ಎಲ್ಲರಿಗೂ ಬಂದಿತ್ತು. ಅಳಿಸಿಬಿಡಿ ಎಂದು ನಾನು ಹೇಳಿದೆ. ಅಳಿಸಿದರೆ ಎಲ್ಲಿಗೆ ಹೋಗುತ್ತದೆ ಎಂದು ಮುನಿಕೃಷ್ಣಮ್ಮ ಕೇಳಿದರು. ಕಸದ ಬುಟ್ಟಿಗೆ ಎಂದೆ. ಬುಟ್ಟಿ ಇರುವುದು ಮನೆಯೊಳಗೇ ತಾನೆ ಎಂದರು ಅವರು. ಎಲ್ಲರೂ ನಕ್ಕರು, ಅಕ್ಕ ನಗಲಿಲ್ಲ. ಅವರು ಕೇಳಿದ್ದು ಸರಿ, ಸ್ಪ್ಯಾಮ್ ಎಂದು ಒಂದಿದೆ, ಅದು ಕಾಂಪೌಂಡಿನ ಆಚೆ, ಅದಕ್ಕೆ ಹಾಕಿ ಎಂದು ಒಬ್ಬೊಬ್ಬರ ಫೋನು ಹಿಡಿದು ತೋರಿಸಿಕೊಟ್ಟಿದ್ದಳು. ಅಕ್ಕ ಕಲಿಸಿದ್ದನ್ನು ಯಾರೂ ಮರೆಯುತ್ತಿರಲಿಲ್ಲ. ಅಕ್ಕ ಹೋದಾಗ ಅಕ್ಕನನ್ನೂ ಹಾಗೆಯೇ ಮಾಡಿದರು.

ವಹಾಬ್ ಸಾಹೇಬರು ಚಹಾದ ಲೋಟ ಕೆಳಗಿಟ್ಟು ತಮ್ಮ ಫೋನು ತೆಗೆದರು. ಆ ಪದ್ಧತಿ ಅವರಿಗೆ ಗೊತ್ತಿರಲಿಲ್ಲ. ಅವರ ಫೋನಿನಲ್ಲಿ ಎಲ್ಲವೂ ಇದ್ದ ಜಾಗದಲ್ಲೇ ಇದ್ದವು. ನಿನ್ನೆ ನಾನು ಕಳಿಸಿದ್ದನ್ನು ತೆರೆದು ಮುನಿಕೃಷ್ಣಮ್ಮನವರ ಮುಂದೆ ಹಿಡಿದರು.

"ಇದು ತಿಥಿ ಕಾಗದ ಅಲ್ಲಮ್ಮಾ. ಪದ. ಪ್ರತಿ ವಾರಾನೂ ಪದಾನೇ. ಅಕ್ಕನ ಹೆಸರು ಮೇಲಿಟ್ಟು ಅದರ ಕೆಳಗೆ ಪದ ಬರೀತಾರೆ, ಎಷ್ಟು ಚೆನ್ನಾಗಿದೆ ಅಂದ್ಕೊಂಡಿದ್ದೆ ನಾನು. ನಮ್ಮಲ್ಲೂ ಹೋದೋರ ಹೆಸರಲ್ಲಿ ಓದಿಸ್ತೀವಿ."

ಮುದುಕಿ ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಅವರ ತುಟಿ ಅಲುಗುವುದನ್ನು ನೋಡುತ್ತಿದ್ದೆ. ಎರಡನೆಯ ಸಾಲಿಗೆ ಬರುವಾಗ ಅದು ಓದಾಗಿ ಉಳಿಯದೆ, ಸದ್ದಿಲ್ಲದ ಹಾಡಾಗಿತ್ತು.

"ದೇವ್ರ ಪದಾನ ಬೀದಿಗ್ ಎಸ್ದುಬುಟ್ವಲ್ಲಪ್ಪಾ," ಎಂದರು.

ಈಗ ಮಾಡಬೇಕಾದದ್ದೇನು ಎಂಬ ಮಾತು ಬಂತು. ಹೊಸ ತಲೆಬರಹ ಕೊಟ್ಟು ಬರೆಯುತ್ತೇನೆ ಎಂದೆ. ಅದರಿಂದ ಸಾಲದು ಎಂದಳು ಇಂದು. ಅಷ್ಟೊಂದು ಜನ ಅಷ್ಟೊಂದು ಸಲ ಆಚೆ ಹಾಕಿರುವುದರಿಂದ ಆ ವಿಳಾಸಕ್ಕೇ ಬಾಗಿಲು ಮುಚ್ಚಿದಂತಾಗಿದೆ. ಒಬ್ಬೊಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಆ ಮೇಲ್ ತೆರೆದು, ಇದು ಸ್ಪ್ಯಾಮ್ ಅಲ್ಲ ಎಂದು ಹೇಳಬೇಕು, ಹಾಗೆ ಹೇಳಿದರೆ ಅದು ತಲೆಬರಹದ ಸಮೇತ ಇನ್‌ಬಾಕ್ಸಿನ ಒಳಗೆ ಬರುತ್ತದೆ. ಒಳಗೆ ಎಂಬ ಮಾತು ಕೇಳಿ ಮುನಿಕೃಷ್ಣಮ್ಮ ತಲೆಯಾಡಿಸಿದರು. ಅದು ಆಗದ ಕೆಲಸ, ಆ ಹೆಸರಿನ ಕಾಗದ ಹೊಸ್ತಿಲು ದಾಟಬಾರದು ಎಂದರು. ವಹಾಬ್ ಸಾಹೇಬರು ಇನ್ನೊಂದು ದಾರಿ ಹೇಳಿದರು: ನನ್ನ ಹೆಸರಿನಲ್ಲೇ ಒಂದು ಹೊಸ ವಿಳಾಸ ಮಾಡಿಕೊಂಡರೆ ಯಾರಿಗೂ ತೊಂದರೆಯಿಲ್ಲ, ಐದು ನಿಮಿಷದ ಕೆಲಸ.

ಅದು ಸುಲಭವಾದ ದಾರಿ. ಅದನ್ನು ಒಪ್ಪಿಕೊಂಡರೆ ಶನಿವಾರ ಉಳಿಯುತ್ತಿತ್ತು. ಅಕ್ಕ ಮಾತ್ರ, ತಾನೇ ತೋರಿಸಿಕೊಟ್ಟ ಕಾಂಪೌಂಡಿನಾಚೆ, ತಾನು ಕಲಿಸಿದ ಎಲ್ಲರ ಮನೆಯ ಹೊರಗೆ ಉಳಿಯುತ್ತಿದ್ದಳು. ಆಗಲಿ ಎನ್ನಲು ಬಾಯಿ ತೆರೆದೆ. ಕಣ್ಣು ಪಕ್ಕದ ಕೋಣೆಯ ಕಂಪ್ಯೂಟರಿನತ್ತ ಹೋಯಿತು.

ಮುನಿಕೃಷ್ಣಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಸೊಸೆಯ ಕಡೆ ತಿರುಗಿ, "ಪಕ್ಸ ಸುರುವಾಗಿ ಎಷ್ಟು ದಿನ ಆಯ್ತೇ?" ಎಂದರು.

"ಸೋಮವಾರ ಶುರುವಾಯ್ತು ಅತ್ತೆ."

"ಅಂಗಾರೆ ಇದು ಇರೀಕರ್ನ ಕರೆಯೋ ಕಾಲ ಅಲ್ವಾ? ತಿಥಿ ಕಾಗ್ದ ಬ್ಯಾರೆ, ಇರೀಕರು ಬರೋದು ಬ್ಯಾರೆ. ಎಡೆ ಇಕ್ಕಿ ಕರೀತೀವಿ, ಬ್ಯಾಡ ಅಂತೀವಾ?" ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಹೇಳಿದರು. "ಮನೆ ಒಳಗ್ ಮಾತ್ರ ತೆಗೆಯಾಕಿಲ್ಲ. ಗುಡಿ ಮುಂದೆ ಅರಳೀಕಟ್ಟೆ ಐತಲ್ಲ, ಅಲ್ಲಿ ಕುಂತು ತೆಗೀತೀವಿ. ಎಲ್ರುಗೂ ನಾನೇ ಯೋಳ್ತೀನಿ, ಪೋನ್ ತಕ್ಕಂಡ್ ಬರ್ಲಿ ಸನಿವಾರ."

ಆ ಶನಿವಾರ ಸಂಜೆ ನಾನು ಕೋಗಿಲಿಗೆ ಹೋದಾಗ ಬಿಸಿಲು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ವಿಮಾನವೊಂದು ಬಹಳ ಕೆಳಗೆ, ಸದ್ದನ್ನು ಹಿಂದೆ ಬಿಟ್ಟು, ನಿದ್ದೆಯಲ್ಲಿರುವಂತೆ ಇಳಿಯುತ್ತಿತ್ತು. ಅರಳೀಕಟ್ಟೆಯ ಸುತ್ತ ಅವರೆಲ್ಲ ಕುಳಿತಿದ್ದರು. ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ತೊಡೆಯ ಮೇಲೆ ಫೋನು ಇಟ್ಟುಕೊಂಡು, ಯಾವುದೋ ಕಾರ್ಯಕ್ಕೆ ಕುಳಿತವರಂತೆ. ಎಲೆಗಳ ನೆರಳು ಎಲ್ಲರ ಮುಖದ ಮೇಲೂ ಓಡಾಡುತ್ತಿತ್ತು. ಎಚ್ಚರವಿದ್ದೇನೆಯೇ ಎಂದು ಕಟ್ಟೆಯ ಕಲ್ಲನ್ನು ಮುಟ್ಟಿ ನೋಡಿದೆ, ಬೆಚ್ಚಗಿತ್ತು.

ಬೈರಣ್ಣ ಎದ್ದು ಬಂದರು.

"ನಿಮಗೆ ತಲೆ ಕೆಟ್ಟಿದೆ ಅಂತ ಊರಿಗೆಲ್ಲಾ ಹೇಳ್ಬಿಟ್ಟಿದೀನಿ ಮೇಷ್ಟ್ರೇ," ಎಂದರು. "ಈಗ ಇಲ್ಲ ಅಂತ ಮತ್ತೆ ಮನೆ ಮನೆಗೆ ಹೋಗ್ಬೇಕು ನಾನು."

"ಅದಕ್ಕೂ ಅಕ್ಕನ ವಿಳಾಸದಿಂದ್ಲೇ ಒಂದು ಮೇಲ್ ಹಾಕ್ಸಿಬಿಡಿ," ಎಂದರು ವಹಾಬ್.

"ಹಾಕಿದ್ರೆ ಅದೂ ಸ್ಪ್ಯಾಮಿಗೇ ಹೋಗುತ್ತೆ. ಧನಲಕ್ಷ್ಮಿ ಅನ್ನೋ ಹೆಸರು ನೋಡಿ ಆ ಮೆಷಿನ್ನೂ ಯಾವ್ದೋ ಲಾಟ್ರಿ ಅಂದ್ಕೊಂಡಿರುತ್ತೆ ಕಣ್ರೀ."

ಇಂದು ಒಬ್ಬೊಬ್ಬರ ಬಳಿಯೂ ಹೋಗಿ ಸ್ಪ್ಯಾಮ್ ತೆರೆದುಕೊಟ್ಟಳು. ಅಲ್ಲಿ ಒಂದು ವಿಷಯ ಗೊತ್ತಾಯಿತು. ಆ ಜಾಗದಲ್ಲಿ ತಿಂಗಳು ದಾಟಿದ್ದು ಉಳಿಯುವುದಿಲ್ಲವಂತೆ. ಕಾರ್ಡಿನ ಚಿತ್ರವಿದ್ದ ಮೊದಲ ಮೇಲ್ ಎಲ್ಲರಲ್ಲೂ ತಾನಾಗಿಯೇ ಅಳಿದುಹೋಗಿತ್ತು. ಅದರ ಬೆನ್ನಿಗೆ ಬಂದ ಕೆಲವು ಪದಗಳೂ ಅದರ ಜೊತೆ ಹೋಗಿದ್ದವು. ತಲೆಬರಹವೊಂದು, ಈಚಿನ ಪದಗಳು ಕೆಲವು, ಅಷ್ಟೇ ಉಳಿದಿದ್ದವು. ಇನ್ನು ಕೆಲವು ವಾರ ಹೀಗೆಯೇ ಬಿಟ್ಟಿದ್ದರೆ ಅವೂ ಹೋಗುತ್ತಿದ್ದವು.

ಮುನಿಕೃಷ್ಣಮ್ಮ ತಾವೇ ಒತ್ತುವುದಾಗಿ ಹಟ ಹಿಡಿದರು. ಚೊಂಬಿನಲ್ಲಿ ತಂದಿದ್ದ ನೀರಿನಿಂದ ಕೈ ತೊಳೆದುಕೊಂಡು, ಫೋನಿನ ಮೇಲೂ ತುಳಸಿಯಿಂದ ಚಿಮುಕಿಸಲು ಹೋದಾಗ ಇಂದು ತಡೆದಳು.

"ಅತ್ತೆ, ನೀರು ಹಾಕ್ಬೇಡಿ, ಫೋನೇ ಹೋಗ್ಬಿಡುತ್ತೆ."

"ಒಂದ್ ತೊಟ್ಟು ಕಣೇ."

"ಒಂದ್ ತೊಟ್ಟೂ ಬೇಡ."

ಮುದುಕಿ ತುಳಸಿಯ ದಳವನ್ನು ಮಾತ್ರ ಫೋನಿನ ಅಂಚಿಗೆ ಇಟ್ಟರು. ಇಂದು ಜಾಗ ತೋರಿಸಿದಳು. ಒಣಗಿದ ಆ ಬೆರಳನ್ನು ಫೋನು ಮೊದಲು ಗುರುತಿಸಲಿಲ್ಲ. ಸೆರಗಿನಿಂದ ಒರೆಸಿಕೊಂಡು ಮತ್ತೆ ಒತ್ತಿದರು.

"ಬಾರವ್ವ," ಎಂದರು ಮೆಲ್ಲಗೆ. "ಒಳೀಕ್ ಬಾ."

ಅವರನ್ನು ನೋಡಿ ಉಳಿದವರೂ ಒತ್ತಿದರು. ಆಮೇಲೆ ಇಂದು, ಈ ವಿಳಾಸದಿಂದ ಬಂದದ್ದನ್ನು ಎಂದಿಗೂ ಸ್ಪ್ಯಾಮಿಗೆ ಕಳಿಸಬಾರದು ಎಂದು ಎಲ್ಲರ ಫೋನಿನಲ್ಲೂ ಬರೆದಿಟ್ಟಳು. ಆ ಕೆಲಸಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕಾಯುತ್ತಾ ಕುಳಿತವರು ಒಳಗೆ ಬಂದ ಪದಗಳನ್ನು ಓದತೊಡಗಿದ್ದರು. ಒಬ್ಬರು ಒಂದು ಪದ, ಇನ್ನೊಬ್ಬರು ಬೇರೊಂದು ಪದ, ಎಲ್ಲ ಗೊಣಗುಟ್ಟುವಂತೆ. ವಹಾಬ್ ಸಾಹೇಬರು ಹಾರ್ಮೋನಿಯಮನ್ನು ಸ್ಕೂಟರಿನಿಂದ ಇಳಿಸಿ ಕಟ್ಟೆಯ ಮೇಲಿಟ್ಟು ಶ್ರುತಿ ಹಿಡಿದರು. ಯಾವುದನ್ನು ಹಾಡುವುದು ಎಂದು ಯಾರೂ ಕೇಳಲಿಲ್ಲ. ಮುನಿಕೃಷ್ಣಮ್ಮನವರ ತೊಡೆಯ ಮೇಲೆ ಯಾವುದು ತೆರೆದಿತ್ತೋ ಅದು ಆರಂಭವಾಯಿತು. ಬೈರಣ್ಣನವರ ತಾಳಕ್ಕೆ ಪಾರಿವಾಳಗಳು ಗೋಪುರ ಬಿಟ್ಟು ಹಾರಿ, ಒಂದು ಸುತ್ತು ಹಾಕಿ, ಮತ್ತೆ ಕುಳಿತವು. ವಾರಗಟ್ಟಲೆ ಹಾಡದೆ ಬಿಟ್ಟ ಗಂಟಲುಗಳು ಒಂದಕ್ಕೊಂದು ಸೇರದೆ ತಡವರಿಸಿ, ಪಲ್ಲವಿ ತಿರುಗಿ ಬರುವ ಹೊತ್ತಿಗೆ ಒಂದಾದವು. ನಾನು ಹಾಡಲಿಲ್ಲ. ಕೇಳುವುದು ಬಹಳ ಬಾಕಿ ಇತ್ತು.

ಮುನಿಶಾಮಪ್ಪನವರು ಸದ್ದು ಕೇಳಿ ಬಂದು ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುತ್ತಾ ನಿಂತಿದ್ದರು. ಮೂರನೆಯ ಪದಕ್ಕೆ ಕತ್ತಲಾಗತೊಡಗಿತು. ಅವರು ಒಳಗೆ ಹೋಗಿ ಪಡಸಾಲೆಯ ದೀಪಗಳನ್ನೆಲ್ಲ ಹಾಕಿ ಬಂದರು. ಯೋಗದವರಿಗೆ ಭಾನುವಾರ ಬೆಳಗ್ಗೆ ಕೊಟ್ಟರೆ ಆದೀತು, ಬೆಳಗ್ಗೆ ಮಾಡಿದರೇ ಯೋಗ ಮೈಗೆ ಹತ್ತುವುದು ಎಂದು, ನನ್ನ ಕಡೆ ನೋಡದೆ, ಅರಳಿಮರಕ್ಕೆ ಹೇಳುವಂತೆ ಹೇಳಿದರು.

ಮುಂದಿನ ಬುಧವಾರ ನಾನು ಹೊಸ ಮೇಲ್ ತೆರೆದೆ. ವಿಳಾಸಗಳನ್ನು ಒಂದೊಂದಾಗಿ ಹುಡುಕಿ ಸೇರಿಸಿದೆ. ತಲೆಬರಹದ ಜಾಗ ಖಾಲಿ ಇತ್ತು. ಅಲ್ಲಿ ಏನು ಬರೆಯುವುದೆಂದು ದೀಪದ ಎಣ್ಣೆ ಅರ್ಧ ಇಳಿಯುವವರೆಗೆ ಕುಳಿತಿದ್ದೆ. ಕೊನೆಗೆ ಶನಿವಾರದ ಪದ ಎಂದಷ್ಟೇ ಬರೆದು, ಕಣ್ಣು ಮುಚ್ಚಿ, ಕಳಿಸಿದೆ.

ಪೂಜೆಯ ಕೋಣೆಯಿಂದ ಹಿಂದಿರುಗಿ ಬರುವಷ್ಟರಲ್ಲಿ ಉತ್ತರಗಳು ಬಂದಿದ್ದವು. ಮೊದಲನೆಯದು ಬೈರಣ್ಣನವರದು, ಬಂತು ಎಂಬ ಒಂದೇ ಮಾತು. ಆಮೇಲೆ ಇನ್ನೊಂದು, ಇನ್ನೂ ಒಂದು. ಮುನಿಕೃಷ್ಣಮ್ಮ ಇಂದುವಿನಿಂದ ಬರೆಸಿದ್ದರು: ಅಕ್ಕೋರೇ, ನಿಮ್ಮ ಪದ ಬಂತು, ಎರಡನೇ ಸಾಲಿನ ಧಾಟಿ ಮರೆತುಹೋಗಿದೆ, ಶನಿವಾರ ಹೇಳಿಕೊಡಿ.

ಯಾರೂ ಮೇಷ್ಟ್ರೇ ಎಂದು ಬರೆದಿರಲಿಲ್ಲ. ಎಲ್ಲವೂ ಅಕ್ಕನಿಗೇ ಬಂದಿದ್ದವು. ನಾನು ಅವನ್ನು ಗಟ್ಟಿಯಾಗಿ ಓದಿದೆ, ಪಕ್ಕದ ಕೋಣೆಗೂ ಕೇಳುವಂತೆ.